ಕಂಚಕ್ಕನ ಎದುರು ಕಂಚಕ್ಕ

ಅವಳಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಇತ್ತು. ಅದು ಮತದಾರರ ಗುರುತಿನ ಚೀಟಿಯಲ್ಲಿ ಬೆಚ್ಚಗೆ ಕೂತಿತ್ತು, ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಊರಿಗೆಲ್ಲ ಅವಳು ಕಂಚಕ್ಕ. ಕಂಚಿನ ಕಂಠದ ಅಕ್ಕ ಎಂದು ಯಾರೋ ಹೊಗಳಿದ್ದು ಬಾಯಿಂದ ಬಾಯಿಗೆ ಸವೆದು ಅಷ್ಟಕ್ಕೆ ಬಂದು ನಿಂತಿತ್ತು. ಆ ಕಂಠ ಎಂಥದ್ದೆಂದರೆ, ಅವಳು ಅಡುಗೆಮನೆಯಲ್ಲಿ ಗಂಡನಿಗೆ ಗುಟ್ಟಾಗಿ ಹೇಳಿದ್ದು ಎದುರುಮನೆಯವರಿಗೆ ಮೊದಲು ತಿಳಿಯುತ್ತಿತ್ತು, ಗಂಡನಿಗೆ ಆಮೇಲೆ.

ಅಪ್ಪನದು ಮಾರುಕಟ್ಟೆ ಬೀದಿಯಲ್ಲಿ ಸೌಂಡ್ ಸೆಟ್ ಅಂಗಡಿ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೂರಿನಿಂದ ತಗಡಿನ ಹಾರ್ನುಗಳು ನೇತಾಡುತ್ತಿದ್ದವು, ಗೋಡೆಯುದ್ದಕ್ಕೂ ವೈರಿನ ಸುರುಳಿಗಳು, ಮೂಲೆಯಲ್ಲಿ ಬೆಸುಗೆಯ ವಾಸನೆ. ಚುನಾವಣೆ ಬಂತೆಂದರೆ ಅಪ್ಪನಿಗೆ ಕೈ ತುಂಬ ಕೆಲಸ. ಮೈಕು, ಬ್ಯಾಟರಿ, ಜೀಪಿನ ತಲೆಗೆ ಕಟ್ಟುವ ಹಾರ್ನು ಎಲ್ಲ ಅವನದೇ, ಕೂಗುವವನೂ ಅವನ ಕಡೆಯವನೇ. ಆ ಕೂಗುವವನನ್ನು ಎಲ್ಲರೂ ಮೈಕ್ ಮಾಸ್ತರ ಎನ್ನುತ್ತಿದ್ದರು. ಒಂದು ವಿಧಾನಸಭೆ ಚುನಾವಣೆಯಲ್ಲಿ, ಪ್ರಚಾರ ಮುಗಿಯಲಿದ್ದ ದಿನವೇ, ಮಾಸ್ತರನ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಪಕ್ಷದವರು ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದರು, ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಲ್ಲೇ ವೈರು ಸುತ್ತುತ್ತಿದ್ದ ಮಗಳು ಎದ್ದು ಸೀದಾ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

"ಹೆಣ್ಣುಮಗಳು ಬೀದೀಲಿ ಕೂಗೋದಾ?" ಎಂದ ಅಪ್ಪ.

"ಕೂಗೋದು ನಾನಲ್ಲಪ್ಪಾ, ಮೈಕು. ನಾನು ಬರೀ ಮಾತಾಡ್ತೀನಿ" ಎಂದಳು ಅವಳು.

ಅವಳು ಮಾತಾಡಿದಳು ನೋಡಿ, ಅಂದಿನಿಂದ ಊರು ಕೇಳುತ್ತಲೇ ಹೋಯಿತು. ಮಾಸ್ತರ ಒಂದೇ ಸಮನೆ ಗಂಟಲು ಹರಿದುಕೊಳ್ಳುತ್ತಿದ್ದ, ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈ ಹುಡುಗಿ ಹಾಗಲ್ಲ. ಒಂದು ಪ್ರಶ್ನೆ ಕೇಳಿ ನಿಲ್ಲಿಸುತ್ತಿದ್ದಳು. "ಕಷ್ಟ ಅಂದಾಗ ಓಡಿ ಬರೋರು ಯಾರು?" ಎಂದು ಕೇಳಿ, ಉಸಿರು ಬಿಗಿಹಿಡಿದು, ಬೀದಿಗೆ ಉತ್ತರ ಕೊಡಲು ಜಾಗ ಬಿಡುತ್ತಿದ್ದಳು. ಆ ಜಾಗ ಖಾಲಿ ಬಿದ್ದಿದ್ದರೆ ಯಾರಿಗೂ ಸಮಾಧಾನವಿರುತ್ತಿರಲಿಲ್ಲ. ಮೊದಲು ಜೀಪಿನ ಹಿಂದೆ ಕೂತವರು ಕೂಗಿದರು, ಆಮೇಲೆ ಅಂಗಡಿಯವರು, ಆಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರೂ ಸೇರಿಕೊಂಡರು. ಯಾವ ಪಕ್ಷ ಎಂದು ನೋಡುವ ಮೊದಲೇ ಬಾಯಿ ಉತ್ತರ ಕೊಟ್ಟುಬಿಡುತ್ತಿತ್ತು.

ಆ ಕಾಲಕ್ಕೆ ರಾಜ್ಯದಲ್ಲಿ ಇದ್ದದ್ದು ದೋಣಿ ಪಕ್ಷ ಒಂದೇ ಎನ್ನಬೇಕು. ಉಳಿದವರು ಠೇವಣಿ ಕಳೆದುಕೊಳ್ಳಲೆಂದೇ ನಿಲ್ಲುತ್ತಿದ್ದರು. ದೋಣಿ ಗುರುತಿನಲ್ಲಿ ಕಂಬ ನಿಲ್ಲಿಸಿದರೂ ಗೆಲ್ಲುತ್ತದೆ ಎನ್ನುವಂತಿತ್ತು, ಎಷ್ಟೋ ಸಲ ಕಂಬಗಳೇ ಗೆದ್ದು ಐದು ವರ್ಷ ಅಲ್ಲಾಡದೆ ನಿಂತವು. ಆಮೇಲೆ ಆ ಪಕ್ಷದ ಇಬ್ಬರು ಹಿರಿಯರು ಜಗಳವಾಡಿಕೊಂಡರು. ಪಕ್ಷ ಎರಡು ಹೋಳಾಯಿತು. ಒಂದು ಹೋಳಿಗೆ ದೋಣಿ ಉಳಿಯಿತು, ಇನ್ನೊಂದಕ್ಕೆ ಹುಟ್ಟು ಸಿಕ್ಕಿತು. ದೋಣಿಯವರ ಹತ್ತಿರ ಹುಟ್ಟಿಲ್ಲ, ಹುಟ್ಟಿನವರ ಹತ್ತಿರ ದೋಣಿಯಿಲ್ಲ, ರಾಜ್ಯ ನಡುನೀರಿನಲ್ಲಿ. ಅದನ್ನು ನೋಡಿಯೇ 'ನಮ್ಮ ನೆಲ, ನಮ್ಮ ಆಳ್ವಿಕೆ' ಎನ್ನುತ್ತ ಏಣಿ ಪಕ್ಷದವರು ಮೇಲೆ ಬಂದರು. ಏಣಿಯವರು ಗೆದ್ದ ರಾತ್ರಿ ಊರಿನಲ್ಲಿ ಹೊಡೆದ ಪಟಾಕಿಗೆ ಮರುದಿನವೂ ಹೊಗೆ ಕರಗಿರಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಅವರ ಸರಕಾರವೂ ಮಗುಚಿಕೊಂಡಿತು.

ಅಲ್ಲಿಂದ ಮುಂದೆ ಅವಧಿಗೆ ಮುನ್ನ ಚುನಾವಣೆ, ಮೈತ್ರಿ ಸರಕಾರ, ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಸಾಗಿಸುವುದು, ಬೆಳಿಗ್ಗೆ ಬೈದವನನ್ನು ಸಂಜೆ ತಬ್ಬಿಕೊಳ್ಳುವುದು ಎಲ್ಲವೂ ಆಯಿತು. ಇದರಲ್ಲಿ ಯಾರಿಗೆ ಲಾಭವಾಯಿತೋ ಬಿಟ್ಟಿತೋ, ಕಂಚಕ್ಕನಿಗೆ ಮಾತ್ರ ಬಿಡುವಿಲ್ಲದ ಕೆಲಸ. ಎಲ್ಲ ಪಕ್ಷದವರಿಗೂ ಅವಳ ದನಿಯೇ ಬೇಕು. ಒಂದು ಸಲವಂತೂ ಅವಳು ಹುಟ್ಟಿನ ಗುರುತಿಗೆ ಮತ ಕೇಳುತ್ತ ಬೀದಿಯ ಈ ತುದಿಯಿಂದ ಹೊರಟಿದ್ದಳು. ಬೀದಿಯ ನಡುವೆ ಯಾರೋ ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಬಂದು, ಅಭ್ಯರ್ಥಿ ಸಾಹೇಬರು ಈಗಷ್ಟೇ ಏಣಿ ಪಕ್ಷಕ್ಕೆ ಹೋದರು ಎಂದು ಕಿವಿಯಲ್ಲಿ ಊದಿದ. ಕಂಚಕ್ಕ ಒಂದು ಗುಟುಕು ನೀರು ಕುಡಿದು, ಬೀದಿಯ ಆ ತುದಿಗೆ ಏಣಿಯ ಗುರುತಿಗೇ ಮತ ಕೇಳಿದಳು.

"ಏನಕ್ಕಾ, ಅರ್ಧ ಬೀದಿಗೆ ಹುಟ್ಟು, ಅರ್ಧ ಬೀದಿಗೆ ಏಣಿ?" ಎಂದು ದಿನಸಿ ಅಂಗಡಿಯವನು ನಕ್ಕ.

"ನಾನು ಬಾಯಿ ಮಾತ್ರ ಅಣ್ಣಾ. ಮಾತು ಅವರದು" ಎಂದಳು ಕಂಚಕ್ಕ. ಈ ಉತ್ತರ ಅವಳಿಗೆ ಬಹಳ ವರ್ಷ ಕೆಲಸಕ್ಕೆ ಬಂತು.

ಜೀಪಿನ ಡ್ರೈವರನೇ ಅವಳಿಗೆ ಗಂಡನಾದ. ಅವಳು ಮಾತಾಡಿದ್ದು ಊರಿಗೆಲ್ಲ, ಕೇಳಿ ಮರುಳಾದದ್ದು ಇವನೊಬ್ಬ. ಅವನಿಗೆ ಮಾತೇ ಬರುತ್ತಿರಲಿಲ್ಲ ಎಂದರೂ ನಡೆಯುತ್ತದೆ. ಮದುವೆಯಾಗುತ್ತೀಯಾ ಎಂದು ಕೇಳಲಿಕ್ಕೂ ಬಾಯಿ ಬಾರದೆ, ಹಾರ್ನ್ ಒತ್ತಿ ಕೂತಿದ್ದನಂತೆ. ಅವಳು ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಲೆಯಾಡಿಸಿದ. ಹೀಗೆ ಪ್ರಶ್ನೆ ಉತ್ತರ ಎರಡೂ ಅವಳೇ ನಿಭಾಯಿಸಿದ ಏಕೈಕ ಸಂದರ್ಭ ಅದು.

ಆ ಕಸುಬಿಗೆ ಒಂದು ಮರ್ಯಾದೆಯಿತ್ತು. ಎರಡು ಪಕ್ಷದ ಪ್ರಚಾರದ ಜೀಪುಗಳು ಬೀದಿಯಲ್ಲಿ ಎದುರುಬದುರಾದರೆ ಇಬ್ಬರೂ ಮೈಕು ಆರಿಸಬೇಕು. ಪಕ್ಷದ ಮುಖಂಡರು ಒಬ್ಬರ ಮುಖಕ್ಕೊಬ್ಬರು ಮಸಿ ಬಳಿಯಲಿ, ಕೂಗುವವರು ಮಾತ್ರ ದನಿಯ ಮೇಲೆ ದನಿ ಹಾಕಬಾರದು. ಜೀಪುಗಳು ಒಂದನ್ನೊಂದು ದಾಟುವ ತನಕ ಬೀದಿ ಮೌನವಾಗಿರುತ್ತಿತ್ತು. ಕಿಟಕಿಯಿಂದ ಕೈ ಚಾಚಿ ಒಬ್ಬರ ನೀರಿನ ಬಾಟಲಿ ಇನ್ನೊಬ್ಬರಿಗೆ ಕೊಟ್ಟದ್ದೂ ಉಂಟು. ಈ ನಿಯಮವನ್ನು ಎಲ್ಲೂ ಬರೆದಿರಲಿಲ್ಲ, ಕಂಚಕ್ಕ ಒಂದು ಸಲವೂ ಮುರಿದಿರಲಿಲ್ಲ.

ಆಮೇಲೆ ರೆಕಾರ್ಡಿಂಗ್ ಬಂತು. ದೋಣಿ ಪಕ್ಷದವರು ಅವಳನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ಹಾಸಿಗೆ ಹೊದಿಸಿದ್ದರು, ಹೊರಗಿನ ಒಂದು ಸದ್ದೂ ಒಳಗೆ ಬರುವಂತಿರಲಿಲ್ಲ. ಅಭ್ಯರ್ಥಿಯ ಹೆಸರು ಹೇಳಬೇಡಿ, 'ನಮ್ಮ ಅಭ್ಯರ್ಥಿ' ಅನ್ನಿ ಸಾಕು, ಎಲ್ಲ ಚುನಾವಣೆಗೂ ಆಗುತ್ತದೆ ಎಂದರು. ಕಂಚಕ್ಕ ಕಣ್ಣು ಮುಚ್ಚಿ ಬೀದಿಯನ್ನು ನೆನೆದುಕೊಂಡು ಶುರು ಮಾಡಿದಳು. "ಕಷ್ಟ ಅಂದಾಗ ಓಡಿ ಬರೋರು ಯಾರು?" ಎಂದು ಕೇಳಿ, ಸುಮ್ಮನಾದಳು.

"ಯಾಕಮ್ಮಾ ನಿಲ್ಲಿಸಿದ್ರಿ?" ಎಂದ ಗಾಜಿನಾಚೆಯ ರೆಕಾರ್ಡಿಂಗಿನವನು.

"ಜನ ಉತ್ತರ ಕೊಡೋದು ಬೇಡ್ವಾ?"

"ಇಲ್ಲಿ ಯಾವ ಜನ ಇದ್ದಾರೆ?"

ನಾಚಿಕೆಯಾಯಿತು. ಮತ್ತೆ ಶುರು ಮಾಡಿದಳು, ಮತ್ತೆ ಅದೇ ಜಾಗದಲ್ಲಿ ನಿಂತಳು. ಅಷ್ಟು ವರ್ಷದ ರೂಢಿ, ಉಸಿರು ತಾನಾಗಿಯೇ ಕಟ್ಟುತ್ತಿತ್ತು. ನಾಲ್ಕಾರು ಸಲ ಹೀಗೇ ಆದ ಮೇಲೆ ಅವನಿಗೆ ಊಟದ ಹೊತ್ತಾಯಿತು. ಹೋಗಲಿ ಬಿಡಿ, ಇರಲಿ ಎಂದ. ಖಾಲಿ ಜಾಗಗಳ ಸಮೇತ ಅವಳ ದನಿ ಅವರ ಕೈಸೇರಿತು.

ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಂಡದ್ದು ಅವಳಿಗೆ ಮುಂದಿನ ಚುನಾವಣೆಯಲ್ಲಿ ಗೊತ್ತಾಯಿತು. ಒಬ್ಬರೂ ಕರೆಯಲು ಬರಲಿಲ್ಲ. ಅವಳ ದನಿ ಮಾತ್ರ ಬೀದಿ ಬೀದಿಯಲ್ಲಿ ತಿರುಗುತ್ತಿತ್ತು, ಊಟವಿಲ್ಲದೆ, ನೀರಿಲ್ಲದೆ, ಸುಸ್ತಿಲ್ಲದೆ. ದೋಣಿಯವರನ್ನು ನೋಡಿ ಉಳಿದ ಪಕ್ಷಗಳೂ ಯಾರ್‍ಯಾರದೋ ದನಿ ಹಿಡಿದಿಟ್ಟುಕೊಂಡವು. ಕಂಚಕ್ಕ ಅಪ್ಪನ ಅಂಗಡಿಯಲ್ಲಿ ಕೂತು, ಹಾರ್ನುಗಳ ಧೂಳು ಒರೆಸುತ್ತ, ಹೊರಗೆ ಹಾದುಹೋಗುವ ತನ್ನನ್ನೇ ಕೇಳಿಸಿಕೊಂಡಳು. ಆ ದಿನಗಳಲ್ಲಿ ಅವಳು ಮನೆಯಲ್ಲೂ ಮೆಲ್ಲಗೆ ಮಾತಾಡುತ್ತಿದ್ದಳು. ಗಂಡನಿಗೆ ಅದನ್ನು ಸಹಿಸಲಾಗಲಿಲ್ಲ.

"ಜೋರಾಗಿ ಬೈಯೇ, ಮನೆ ಮನೆ ಥರಾನೇ ಇಲ್ಲ" ಎಂದ. ಅವನ ಪಾಲಿಗೆ ಅದು ದೊಡ್ಡ ಭಾಷಣ.

ಇನ್ನು ದೊಡ್ಡ ಮೋರಿಯ ವಿಷಯ. ಅವರ ವಾರ್ಡನ್ನು ಅದು ಎರಡಾಗಿ ಸೀಳಿತ್ತು. ಈ ದಡದಲ್ಲಿ ಮನೆಗಳು. ಆ ದಡದಲ್ಲಿ ಮಾರುಕಟ್ಟೆ, ಶಾಲೆ, ಆಸ್ಪತ್ರೆ. ನಡುವೆ ಕೊಳಚೆ ನೀರಿನ ಮೇಲೆ ಎರಡು ಮರದ ಹಲಗೆ. ಹಲಗೆ ಬೇಡವೆಂದರೆ ಬಸ್ ನಿಲ್ದಾಣ ಸುತ್ತಿಕೊಂಡು ಬರಬೇಕು, ಅರ್ಧ ಊರು ತಿರುಗಿದಂತೆ. ಆ ಮೋರಿಗೆ ಕಾಲುಸೇತುವೆ ಕಟ್ಟಿಸುತ್ತೇವೆಂದು ದೋಣಿಯವರು ಹೇಳಿದ್ದರು. ಹುಟ್ಟಿನವರು ಹೇಳಿದ್ದರು, ಏಣಿಯವರು ಹೇಳಿದ್ದರು, ಮೈತ್ರಿಯವರು ಜೊತೆಯಾಗಿ ಹೇಳಿದ್ದರು. ಈಗಿನ ವಾರ್ಡ್ ಸದಸ್ಯ ಕಂಟ್ರಾಕ್ಟರನಂತೂ ಅಂಗಿ ಬದಲಿಸಿದಂತೆ ಪಕ್ಷ ಬದಲಿಸಿ, ಮೂರು ಪಕ್ಷದಿಂದಲೂ ಅದನ್ನೇ ಹೇಳಿ, ಕಡೆಗೆ ದೋಣಿ ಹತ್ತಿ ಕೂತಿದ್ದ.

ಒಂದು ಮುಂಜಾನೆ ಇಸ್ತ್ರಿ ಅಜ್ಜಿ ಬಟ್ಟೆಗಂಟು ಹೊತ್ತು ಹಲಗೆ ದಾಟುವಾಗ ಜಾರಿ ಮೋರಿಗೆ ಬಿದ್ದಳು. ಕಂಚಕ್ಕನ ಪಕ್ಕದ ಮನೆಯ ಜಗಲಿಯಲ್ಲಿ ಇದ್ದಿಲ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು, ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕಿಕೊಡುತ್ತಿದ್ದ ಮುದುಕಿ ಅವಳು. ಕಾಲು ಮುರಿಯಿತು. ಬಿದ್ದವಳು ಬಟ್ಟೆಗಂಟನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದಿದ್ದಳಂತೆ, ಒಂದು ಅಂಗಿಯೂ ನೆನೆದಿರಲಿಲ್ಲ. ಕಂಚಕ್ಕ ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದಳು.

"ಸೇತುವೆ ಬರತ್ತೆ ಅಂತ ಹೇಳಿದ್ಯಲ್ಲೇ" ಎಂದಳು ಅಜ್ಜಿ.

"ನಾನೆಲ್ಲಜ್ಜಿ ಹೇಳಿದ್ದು? ಅವರು ಹೇಳಿಸಿದ್ರು. ನಾನು ಬಾಯಿ ಮಾತ್ರ."

"ಅವರ ಮುಖ ನಾನ್ಯಾವತ್ತು ನೋಡಿದೀನಿ? ಮನೆ ಬಾಗಿಲಿಗೆ ಬಂದು ಹೇಳಿದ್ದು ನೀನು. ನಮ್ಮ ಕಂಚಿ ಹೇಳ್ತಿದಾಳಲ್ಲ ಅಂತ ಪ್ರತಿ ಸಲ ನಂಬಿದೆ. ಅವರನ್ನ ನಂಬೋಕೆ ನನಗೇನು ತಲೆ ಕೆಟ್ಟಿದ್ಯಾ?"

ಅಜ್ಜಿ ಸಿಟ್ಟಿನಿಂದ ಹೇಳಿದ್ದರೆ ಕಂಚಕ್ಕ ತಿರುಗಿ ಏನಾದರೂ ಅಂದುಬಿಡುತ್ತಿದ್ದಳು. ಅಜ್ಜಿ ಹಣ್ಣು ಸುಲಿಯುತ್ತ ಸಹಜವಾಗಿ ಹೇಳಿದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೂ ಆ ಮಾತು ಕಂಚಕ್ಕನ ಕಿವಿಯಲ್ಲಿತ್ತು. ಅವಳ ದನಿ ಅವಳಿಗೆ ಹೆಮ್ಮೆಯಾಗಿತ್ತು, ಈಗ ಅದನ್ನು ನೆನೆದರೆ ಮೈ ಉರಿಯುತ್ತಿತ್ತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಾಗದು, ನಿಜ ಮಾಡಬಹುದಷ್ಟೇ ಎಂದು ಅವಳಿಗೆ ಅನಿಸಿತು.

ಪುರಸಭೆ ಚುನಾವಣೆ ಹತ್ತಿರ ಬಂದಿತ್ತು. ಮೊದಲು ದೋಣಿಯವರ ಕಚೇರಿಗೇ ಹೋಗಿ ಟಿಕೆಟ್ ಕೇಳಿದಳು. ಕಂಟ್ರಾಕ್ಟರ್ ಅಲ್ಲೇ ಕೂತಿದ್ದ. ಅವಳಿಗೆ ಚಹಾ ತರಿಸಿದ, ಕುರ್ಚಿ ಎಳೆದುಕೊಟ್ಟ.

"ಅಕ್ಕಾ, ನೀವು ಮತ ಕೇಳೋಕೆ ಹುಟ್ಟಿದೋರು. ತಗೊಳೋಕಲ್ಲ" ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಹುಟ್ಟಿನವರು ನೋಡೋಣ ಎಂದರು, ಏಣಿಯವರು ನೋಡೋಣ ಎಂದೂ ಅನ್ನಲಿಲ್ಲ. ಕಂಚಕ್ಕ ಮನೆಗೆ ಬಂದು, ಪಕ್ಷೇತರಳಾಗಿ ನಿಲ್ಲುತ್ತೇನೆ ಎಂದು ಗಂಡನಿಗೆ ಹೇಳಿದಳು. ಗಂಡ ಸೀದಾ ಹೋಗಿ ಹಳೆಯ ಜೀಪಿನ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದ.

ಗಂಟೆಯ ಗುರುತು ಸಿಗಲಿ ಎಂದು ಅವಳು ಆಸೆಪಟ್ಟಿದ್ದಳು. ಚೀಟಿ ಎತ್ತಿದಾಗ ಬಂದದ್ದು ಬಾಚಣಿಗೆ. ಅವಳು ಜನ್ಮದಲ್ಲಿ ಬಾಚಣಿಗೆಗೆ ಮತ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಮೊದಲ ದಿನ ಮೈಕು ಹಿಡಿದಾಗ ಎದುರಾಯಿತು. 'ನನಗೆ ಮತ ಕೊಡಿ' ಎನ್ನಲು ಬಾಯಿ ಬರಲೊಲ್ಲದು. "ನಮ್ಮ ಅಭ್ಯರ್ಥಿ, ಬಡವರ ಬಂಧು, ಸನ್ಮಾನ್ಯ ಶ್ರೀ..." ಎಂದು ರೂಢಿಯಂತೆ ಎತ್ತಿಕೊಂಡವಳು ಹೆಸರಿನ ಜಾಗಕ್ಕೆ ಬಂದು ಗಕ್ಕನೆ ನಿಂತಳು.

"ಯಾರು?" ಎಂದ ಗಂಡ, ಸ್ಟಿಯರಿಂಗ್ ಹಿಡಿದು.

"ನಾನೇ ಕಣ್ರೀ!"

ಅದು ಮೈಕಿನಲ್ಲಿ ಹೋಯಿತು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳಿಗೂ ನಗು ತಡೆಯಲಿಲ್ಲ. ಆ ನಗುವಿನ ಮೇಲೆಯೇ, "ನಾನೇ ನಿಂತಿದೀನಿ. ಇಷ್ಟು ವರ್ಷ ಸೇತುವೆ ಸೇತುವೆ ಅಂತ ಬಾಯಿ ಬಡ್ಕೊಂಡೋಳು ನಾನು. ನನ್ನನ್ನ ಕಳಿಸಿ, ನನ್ನ ಮಾತು ನಾನು ಉಳಿಸ್ಕೋತೀನಿ. ಕೂದಲಿದ್ದೋರೂ ಬಾಚಣಿಗೆಗೆ ಹಾಕಿ, ಇಲ್ಲದೋರೂ ಹಾಕಿ" ಎಂದಳು. ಜನ ಕೈ ತಟ್ಟಿದರು. ಎರಡೇ ದಿನದಲ್ಲಿ ಗಾಳಿ ಅವಳ ಕಡೆಗೆ ಬೀಸಿದ್ದು ಕಂಟ್ರಾಕ್ಟರನಿಗೂ ತಿಳಿಯಿತು. ಅವನೇನು ಕಡಿಮೆ ಆಸಾಮಿಯಲ್ಲ.

ಮರುದಿನ ಬೆಳಿಗ್ಗೆ ಕಂಚಕ್ಕ ಹಲ್ಲುಜ್ಜುತ್ತಿದ್ದಾಗ ಹಿತ್ತಲಾಚೆಯ ಬೀದಿಯಿಂದ ಅವಳದೇ ದನಿ ಕೇಳಿಬಂತು. "ಅಣ್ಣಂದಿರೇ, ಅಕ್ಕಂದಿರೇ! ದೊಡ್ಡ ಮೋರಿಗೆ ಸೇತುವೆ ಕಟ್ಟಿಸೋರು ಯಾರು?" ಆಮೇಲೆ ಒಂದು ಖಾಲಿ ಜಾಗ. ಇನ್ನೂ ಕೆಲವು ಪ್ರಶ್ನೆಗಳಾಗಿ ಕಡೆಗೆ, "ದೋಣಿ! ದೋಣಿ! ದೋಣಿ!" ಅವಳು ಬ್ರಷ್ಷು ಹಿಡಿದೇ ಬೀದಿಗೆ ಓಡಿದಳು. ಕಂಟ್ರಾಕ್ಟರ್ ಹಳೆಯ ರೆಕಾರ್ಡಿಂಗನ್ನು ಹೊರಗೆ ತೆಗೆಸಿದ್ದ. ಮೂರು ಜೀಪುಗಳ ತಲೆಗೆ ಹಾರ್ನು ಕಟ್ಟಿಸಿ, ಬೆಳಗಿನಿಂದ ಸಂಜೆವರೆಗೆ ಕಂಚಕ್ಕನ ಬಾಯಿಂದಲೇ ಕಂಚಕ್ಕನ ವಿರುದ್ಧ ಮತ ಕೇಳಿಸಿದ.

ಜನಕ್ಕೆ ತಲೆ ಕೆಟ್ಟುಹೋಯಿತು. ದಿನಸಿ ಅಂಗಡಿಯವನೇ ಅವಳನ್ನು ತಡೆದು ಕೇಳಿದ. "ಅಕ್ಕಾ, ಬೆಳಿಗ್ಗೆ ದೋಣಿ ಅಂತೀರಿ, ಮಧ್ಯಾಹ್ನ ಬಾಚಣಿಗೆ ಅಂತೀರಿ. ಒಳಗೊಳಗೇ ರಾಜಿ ಆಗಿದೀರಂತೆ, ಹೌದಾ?"

"ಅದು ಹಳೇದು ಅಣ್ಣಾ, ರೆಕಾರ್ಡು."

"ನೀವು ಹಿಂದೇನೂ ಅರ್ಧ ಬೀದೀಲಿ ಪಕ್ಷ ಬದಲಿಸಿದೋರಲ್ವಾ?" ಎಂದ ಅವನು. ಮುಖಕ್ಕೆ ಹೊಡೆದಂತಾಯಿತು. ಚುನಾವಣಾಧಿಕಾರಿಯ ಹತ್ತಿರ ದೂರು ಕೊಟ್ಟಳು. ದನಿ ನಿಮ್ಮದೇ ತಾನೇ, ಒಪ್ಪಿ ಕೊಟ್ಟಿದ್ದೀರಿ ತಾನೇ ಎಂದು ಅವರು ಕೈಚೆಲ್ಲಿದರು. ಅವಳು ಎಷ್ಟು ಕೂಗಿದರೂ ಆ ಮೂರು ಜೀಪು ಅವಳಿಗಿಂತ ಮೂರು ಪಟ್ಟು ಕೂಗುತ್ತಿದ್ದವು, ಅವಳಷ್ಟೇ ಚೆನ್ನಾಗಿ. ಅದೇ ಸಂಕಟ. ಬೇರೆ ಯಾರ ದನಿಯಾದರೂ ಆಗಿದ್ದರೆ ಅವಳು ಮಣ್ಣು ಮುಕ್ಕಿಸುತ್ತಿದ್ದಳು.

ಪ್ರಚಾರ ಮುಗಿಯುವ ದಿನ ಬಂತು. ಇಸ್ತ್ರಿ ಅಜ್ಜಿಯ ಬೀದಿಯಲ್ಲೇ, ನಡುಮಧ್ಯಾಹ್ನ, ಅವಳ ಜೀಪು ಮತ್ತು ದೋಣಿಯ ಜೀಪು ಮುಖಾಮುಖಿಯಾದವು. ಬೀದಿ ಇಕ್ಕಟ್ಟು, ಯಾರಾದರೂ ಒಬ್ಬರು ಹಿಂದೆ ಸರಿಯಬೇಕು. ಕಂಚಕ್ಕನ ಕೈ ತಾನಾಗಿಯೇ ಹೋಗಿ ಮೈಕು ಆರಿಸಿತು. ಎದುರಿನ ಜೀಪು ಆರಿಸಲಿಲ್ಲ. ಅದರಲ್ಲಿದ್ದದ್ದು ಡ್ರೈವರ್, ಹಿಂದಿನ ಸೀಟಿನಲ್ಲಿ ಕಂಟ್ರಾಕ್ಟರ್, ಅಷ್ಟೇ. ಕೂಗುತ್ತಿದ್ದ ಯಂತ್ರಕ್ಕೆ ಮರ್ಯಾದೆ ಹೇಳಿಕೊಟ್ಟವರು ಯಾರು?

"ಕಷ್ಟ ಅಂದಾಗ ಓಡಿ ಬರೋರು ಯಾರು?" ಎಂದಿತು ಅವಳ ದನಿ.

ಖಾಲಿ ಜಾಗ ಬಂತು. ಬೀದಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅಂಗಡಿ ಬಾಗಿಲಲ್ಲಿ, ಮಹಡಿಯ ಮೇಲೆ ಜನ ನಿಂತು ಎರಡೂ ಜೀಪುಗಳನ್ನು ನೋಡುತ್ತಿದ್ದರು. ಆ ಖಾಲಿ ಜಾಗ ಕಂಚಕ್ಕನ ಕಿವಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಒಳಗಿನ ಉಸಿರು ಕೂಡ ಅವಳಿಗೆ ಕೇಳಿಸಿತು. ಆ ಹಾಸಿಗೆ ಹೊದಿಸಿದ ಕೋಣೆಯಲ್ಲಿ ಬೀದಿಯನ್ನು ನೆನೆದು ತಾನೇ ಬಿಟ್ಟ ಜಾಗ ಅದು. ಇದೇ ಬೀದಿಗಾಗಿ ಬಿಟ್ಟದ್ದು. ಅವಳಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಜೀಪಿನಿಂದ ಧುಮುಕಿ, ಸೊಂಟಕ್ಕೆ ಕೈಯಿಟ್ಟು ಹಾರ್ನಿನ ಎದುರು ನಿಂತಳು.

"ನಿಮ್ಮ ಬೀದಿಗೆ ದೀಪ ಹಾಕಿಸೋರು ಯಾರು?" ಎಂದಿತು ಹಾರ್ನು.

"ಇಷ್ಟು ವರ್ಷ ಆಯ್ತು, ನಿನಗೇ ಗೊತ್ತಿಲ್ವೇನೇ? ನನ್ನ ಕೇಳ್ತಿದೀಯಾ?" ಎಂದಳು ಕಂಚಕ್ಕ, ಮೈಕಿಲ್ಲದೆ, ಬರೀ ಗಂಟಲಿನಲ್ಲಿ.

ಮಹಡಿಯ ಮೇಲಿನವರು ಕಿಸಕ್ಕೆಂದರು. ಖಾಲಿ ಜಾಗ ಸರಿಯಾಗಿ ಅಲ್ಲಿಗೆ ಮುಗಿದು ಹಾರ್ನು ಮುಂದುವರಿಯಿತು. "ದೊಡ್ಡ ಮೋರಿಗೆ ಸೇತುವೆ ಕಟ್ಟಿಸೋರು ಯಾರು?"

"ಕಂಚಕ್ಕ!"

ಅದು ಕಂಚಕ್ಕನ ದನಿಯಲ್ಲ. ಬ್ಯಾಂಡೇಜಿನ ಕಾಲನ್ನು ಜಗಲಿಯ ಮೇಲೆ ಚಾಚಿಕೊಂಡು ಕೂತಿದ್ದ ಇಸ್ತ್ರಿ ಅಜ್ಜಿಯ ದನಿ. ಅವಳು ಇಸ್ತ್ರಿಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿ ಕೂಗಿದಳು. ಬೀದಿಗೆ ಆಗ ಆಟ ಅರ್ಥವಾಯಿತು. ಹಾರ್ನು ಮುಂದಿನ ಪ್ರಶ್ನೆ ಎತ್ತುವುದನ್ನೇ ಜನ ಕಾದು ನಿಂತರು.

"ನಿಮ್ಮನ್ನ ಮನೆ ಮಕ್ಕಳ ಥರ ನೋಡ್ಕೊಳೋರು ಯಾರು?"

"ಕಂಚಕ್ಕ!" ಎಂದಿತು ಅರ್ಧ ಬೀದಿ.

"ನಿಮ್ಮ ಮತ ಯಾವುದಕ್ಕೆ?"

"ಬಾಚಣಿಗೆಗೆ!" ಎಂದಿತು ಇಡೀ ಬೀದಿ.

"ದೋಣಿ! ದೋಣಿ! ದೋಣಿ!" ಎಂದು ಹಾರ್ನು ಬಡಬಡಿಸಿದ್ದು ಆ ನಗೆಯಲ್ಲಿ ಮುಳುಗಿಯೇ ಹೋಯಿತು. ದಿನಸಿ ಅಂಗಡಿಯವನು ಗಲ್ಲಾ ಪೆಟ್ಟಿಗೆಯನ್ನು ಬಿಟ್ಟು ಬೀದಿಗೆ ಬಂದು ಕುಣಿಯುತ್ತಿದ್ದ. ಕಂಟ್ರಾಕ್ಟರನ ಮುಖ ಹುಳ್ಳಗಾಯಿತು. "ಆರಿಸೋ, ಆರಿಸೋ ಅದನ್ನ!" ಎಂದು ಡ್ರೈವರನ ಬೆನ್ನಿಗೆ ಗುದ್ದಿದ. ಆರಿಸುವ ಗುಂಡಿ ಯಾವುದೆಂದು ಡ್ರೈವರನಿಗೆ ತಿಳಿಯದೆ, ದನಿ ಇನ್ನೂ ಜೋರಾಯಿತು. ಮತ್ತೆ ಮೊದಲಿಂದ, "ಕಷ್ಟ ಅಂದಾಗ ಓಡಿ ಬರೋರು ಯಾರು?" ಈ ಸಲ ಉತ್ತರ ಪಕ್ಕದ ಬೀದಿಯಿಂದಲೂ ಬಂತು.

ಕಂಚಕ್ಕ ಬೀದಿಯ ನಡುವೆ ನಿಂತು ಕೇಳಿದಳು. ಬೇರೆಯವರ ಹೆಸರಿಗೆ ಜೈಕಾರ ಹಾಕಿಸಿದ್ದವಳು ಅವಳು, ತನ್ನ ಹೆಸರು ಅಷ್ಟು ಬಾಯಲ್ಲಿ ಕೇಳಿದ್ದು ಅದೇ ಮೊದಲು. ಖುಷಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ. ಗಂಡ ಜೀಪಿನಲ್ಲಿ ಕೂತು ಹಾರ್ನ್ ಒತ್ತೇ ಒತ್ತಿದ.

ಕಂಟ್ರಾಕ್ಟರ್ ಹಿಂದಕ್ಕೆ ಸರಿದ. ಅಷ್ಟಕ್ಕೆ ಅವನ ಗ್ರಹಚಾರ ಮುಗಿಯಲಿಲ್ಲ. ಉಳಿದ ಎರಡು ಜೀಪುಗಳು ವಾರ್ಡಿನ ಬೇರೆ ಮೂಲೆಗಳಲ್ಲಿ ಏನೂ ತಿಳಿಯದೆ ತಿರುಗುತ್ತಿದ್ದವು, ಸುದ್ದಿ ಅವುಗಳಿಗಿಂತ ಬೇಗ ಓಡಿತ್ತು. ಹೋದಲ್ಲೆಲ್ಲ ಪ್ರಶ್ನೆ ದೋಣಿಯದು, ಉತ್ತರ ಬಾಚಣಿಗೆಯದು. ಅವನ ಡೀಸೆಲ್ಲು, ಅವನ ಬ್ಯಾಟರಿ, ಅವನ ಜೀಪಿನಲ್ಲಿ ಸಂಜೆಯವರೆಗೆ ಕಂಚಕ್ಕನ ಪ್ರಚಾರ ನಡೆಯಿತು. ಕಡೆಗೆ ಎಲ್ಲ ಆರಿಸಿ ಸುಮ್ಮನೆ ಮನೆಗೆ ಹೊರಟರೆ, ಸದ್ದಿಲ್ಲದ ಜೀಪನ್ನು ನೋಡಿಯೂ ಜನ "ಕಂಚಕ್ಕ!" ಎಂದು ಕೂಗಿದರು.

ಮತ ಎಣಿಕೆಯ ದಿನ ಅವಳು ಮುಂದೆ ಇದ್ದಳು, ಆಮೇಲೂ ಮುಂದೆ ಇದ್ದಳು, ಮುಗಿದಾಗಲೂ ಮುಂದೆಯೇ ಇದ್ದಳು. ಕಂಟ್ರಾಕ್ಟರನ ಠೇವಣಿ ಉಳಿಯಿತು, ಅಷ್ಟೇ. ಊರು ಅವಳನ್ನು ಹೊತ್ತು ಮೆರೆಸಿತು. ಹುಟ್ಟಿನವರೂ ಏಣಿಯವರೂ ಅದೇ ದಿನ ಸಂಜೆ ಮನೆಗೆ ಬಂದು ನಮ್ಮ ಪಕ್ಷಕ್ಕೆ ಬನ್ನಿ ಎಂದರು, ಅವಳು ಚಹಾ ಕೊಟ್ಟು, ಕುರ್ಚಿ ಎಳೆದುಕೊಟ್ಟು, ನೋಡೋಣ ಎಂದಳು.

ಗೆದ್ದದ್ದು ಸುಲಭದ ಭಾಗ. ಪುರಸಭೆಯ ಕಡತಗಳಿಗೆ ಕಾಲಿಲ್ಲ, ಅವುಗಳನ್ನು ಹೊತ್ತೇ ತಿರುಗಬೇಕು. ಸಭೆಯಲ್ಲಿ ಅವಳು ಸೇತುವೆ ಎಂದ ಕೂಡಲೇ ಯಾರೋ ಅವಳ ಮುಂದಿನ ಮೈಕು ಆರಿಸುತ್ತಿದ್ದರು. ಪಾಪ, ಅವರಿಗೆ ಯಾರ ಮೈಕು ಆರಿಸುತ್ತಿದ್ದೇವೆಂದು ತಿಳಿದಿರಲಿಲ್ಲ. ಅವಳು ಎದ್ದು ನಿಂತು ಬರೀ ಗಂಟಲಿನಲ್ಲಿ ಮಾತಾಡಿದರೆ ಕೆಳಗಿನ ಬೀದಿಯಲ್ಲಿ ಜನ ನಿಂತು ಕೇಳುತ್ತಿದ್ದರು. ಕಿಟಕಿ ಮುಚ್ಚಿಸಿದರು, ಉಪಯೋಗವಾಗಲಿಲ್ಲ. ಒಂದೂವರೆ ವರ್ಷ ಅವರ ಕಿವಿ ತೂತಾದ ಮೇಲೆ ಸೇತುವೆಗೆ ಮಂಜೂರಾತಿ ಸಿಕ್ಕಿತು. ಕಂಬ ಎದ್ದಿತು, ಕಾಂಕ್ರೀಟು ಬಿತ್ತು, ಎರಡೂ ಬದಿಗೆ ಕಬ್ಬಿಣದ ಕಂಬಿ ಬಂತು. ಕಂಬಿಗೆ ನೀಲಿ ಬಣ್ಣ ಎಂದು ಹಟ ಹಿಡಿದವಳು ಇಸ್ತ್ರಿ ಅಜ್ಜಿ.

ಉದ್ಘಾಟನೆಗೆ ಎರಡೂ ದಡದಲ್ಲಿ ಜನ ಕಿಕ್ಕಿರಿದರು. ಶಾಸಕರು ಬಂದರು, ದೋಣಿಯವರು ಬಂದರು, ಕಂಟ್ರಾಕ್ಟರನೂ ಬಂದು ಫೋಟೋಕ್ಕೆ ಮುಂದಿನ ಸಾಲಿನಲ್ಲಿ ನಿಂತ. ಎಲ್ಲರೂ ಇದು ತಮ್ಮ ಕನಸು ಎಂದರು. ಭಾಷಣಗಳು ಮುಗಿದ ಮೇಲೆ ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು, ಯಾರ ಅಪ್ಪಣೆಯನ್ನೂ ಕೇಳದೆ ಮೈಕಿನ ಕತ್ತು ಬಗ್ಗಿಸಿ ತನ್ನ ಬಾಯಿಗೆ ತಂದುಕೊಂಡಳು.

"ದೊಡ್ಡ ಮೋರಿಗೆ ಸೇತುವೆ ಕಟ್ಟಿಸಿದ್ದು ಯಾರು?" ಎಂದು ಕೇಳಿ ಸುಮ್ಮನಾದಳು.

ಎರಡು ದಡದಿಂದಲೂ ಉತ್ತರ ಬಂತು. ಆ ಸದ್ದಿಗೆ ಮೋರಿಯ ನೀರೂ ಬೆಚ್ಚಿರಬೇಕು. ಆಮೇಲೆ ಅಜ್ಜಿ ಮೈಕನ್ನು ಕಂಚಕ್ಕನ ಕೈಗೆ ಕೊಟ್ಟಳು. ಕಂಚಕ್ಕ ಬಾಯಿ ತೆರೆದಳು. ಒಂದು ಅಕ್ಷರವೂ ಹೊರಡಲಿಲ್ಲ. ಜನ ಗಲಾಟೆ ಮಾಡಲಿಲ್ಲ. ಅವಳು ಅವರಿಗೆಂದು ಬಿಡುತ್ತಿದ್ದಂಥದ್ದೇ ಜಾಗವನ್ನು ಅವಳಿಗೆಂದು ಬಿಟ್ಟು ಕಾದರು. ಅವಳು ಸೇತುವೆಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು.

"ಹುಷಾರು" ಎಂದಳು ಕಡೆಗೆ. "ಕಂಬಿ ಮುಟ್ಟಬೇಡಿ. ಬಣ್ಣ ಇನ್ನೂ ಒಣಗಿಲ್ಲ."

ಇಷ್ಟು ವರ್ಷ ಅವಳು ಮೈಕಿನಲ್ಲಿ ಮಾಡಿದ ಪ್ರಕಟಣೆಗಳಲ್ಲಿ ಪೂರ್ತಿ ನಿಜವಾದದ್ದು ಇದೊಂದೇ. ಅದನ್ನು ಯಾರೂ ಕೇಳಲಿಲ್ಲ. ಎಲ್ಲರೂ ನುಗ್ಗಿ ಕಂಬಿ ಹಿಡಿದುಕೊಂಡೇ ಸೇತುವೆ ದಾಟಿದರು, ಎಲ್ಲರಿಗಿಂತ ಮುಂದೆ ಇಸ್ತ್ರಿ ಅಜ್ಜಿ. ಆ ದಡ ಮುಟ್ಟಿದ ಮೇಲೆ ಅವಳು ತಿರುಗಿ ನಿಂತು, ನೀಲಿ ಬಣ್ಣ ಮೆತ್ತಿದ ಅಂಗೈಯನ್ನು ಮೇಲೆತ್ತಿ ಕಂಚಕ್ಕನಿಗೆ ತೋರಿಸಿದಳು.